ನನ್ನ ಪಾಲಿನ ಬಿಸಿಲು

ಮೋನಾಕ, ನಿಮ್ಮ ಬಲಗಾಲು ಹೋದದ್ದು ನನ್ನಿಂದ. ನೆಲಬಾಂಬು ಹೂತಿಟ್ಟವರು ಇರಾಕಿನ ಸೈನಿಕರು, ಅದು ಸರಿ. ಆದರೆ ಆ ಬೆಳಿಗ್ಗೆ ನೀವು ಮುಳ್ಳುತಂತಿ ದಾಟುವಂತೆ ಮಾಡಿದವನು ನಾನು. ಆ ಪ್ರಾಣಿಯನ್ನು ಕೊಂದವನೂ ನಾನೇ. ಜೀವ ಉಳಿಸಿದವನೆಂದು ಮೂವತ್ತು ವರ್ಷಗಳಿಂದ ನೀವು ಊರೆಲ್ಲ ಹೊಗಳುತ್ತಿರುವುದು ಇಂಥವನನ್ನು.

ನಿಮ್ಮ ಮಕ್ಕಳೂ ಇದನ್ನು ಓದಬೇಕು, ಹಾಗಾಗಿ ಮೊದಲಿನಿಂದ ಬರೆಯುತ್ತೇನೆ. ಕುವೈತಿನ ಮಂಗಫಿನಲ್ಲಿ, ಕಡಲಿಗೆ ಹತ್ತಿರದ ಬಂಗಲೆಯಲ್ಲಿ ನೀವು ಡ್ರೈವರ್. ನಾನು ಪ್ರಾಣಿಶಾಸ್ತ್ರದ ಡಿಗ್ರಿ ಹಿಡಿದುಕೊಂಡು ಹೋಗಿ ಪಂಜರ ತೊಳೆಯುತ್ತಿದ್ದ ಶೆಟ್ಟಿ. ನಮ್ಮ ಕಫೀಲನಿಗೆ, ಅಂದರೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಧಣಿಗೆ, ವಿಚಿತ್ರ ಪ್ರಾಣಿಗಳ ಹುಚ್ಚು. ಅವುಗಳಲ್ಲೆಲ್ಲ ಅವನ ಮೆಚ್ಚಿನದು, ಶಾಂತ ಸಾಗರದ ಯಾವುದೋ ದ್ವೀಪದಿಂದ ಕಳ್ಳದಾರಿಯಲ್ಲಿ ತರಿಸಿದ ಕಡಲ ಇಗ್ವಾನಾ. ನಮ್ಮೂರ ಉಡದ ಹಾಗೆಯೇ, ಆದರೆ ಇದ್ದಿಲ ಬಣ್ಣ, ಮೊಂಡು ಮೂತಿ. ಹಲ್ಲಿಯ ಜಾತಿಯಲ್ಲಿ ಕಡಲಿಗಿಳಿದು ಮೇಯುವುದು ಇದೊಂದೇ. ಚಪ್ಪಟೆ ಬಾಲ ಬೀಸಿ ಮುಳುಗುತ್ತದೆ, ಬಂಡೆಗೆ ಉಗುರೂರಿ ಪಾಚಿ ಕೆರೆದು ತಿನ್ನುತ್ತದೆ. ಮೈಯೊಳಗೆ ಸೇರಿದ ಉಪ್ಪನ್ನು ಮೂಗಿನಿಂದ ಸೀನಿ ಹೊರಹಾಕುತ್ತದೆ. ಆ ಉಪ್ಪು ಅದರ ನೆತ್ತಿಯ ಮೇಲೆಯೇ ಬಿದ್ದು ಬೆಳ್ಳಗೆ ಕಟ್ಟುತ್ತದೆ. ಆ ಬಿಳಿ ತಲೆ ನೋಡಿ ನೀವು ಅದಕ್ಕೆ ಅಜ್ಜ ಎಂದು ಹೆಸರಿಟ್ಟಿರಿ. ಅದು ಸೀನಿದಾಗಲೆಲ್ಲ, "ಅಜ್ಜನಿಗೆ ಶೀತ, ಕಷಾಯ ಮಾಡಿ ಶೆಟ್ರೇ" ಎಂದು ನನ್ನನ್ನು ಕಾಡುತ್ತಿದ್ದಿರಿ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನವರು ನುಗ್ಗಿದಾಗ ಧಣಿ ಸಂಸಾರ ಸಮೇತ ಪರದೇಶದಲ್ಲಿದ್ದ. ಹೋಗುವ ಮುನ್ನ ನಿಮ್ಮ ಕೈ ಹಿಡಿದು, ಈ ಪ್ರಾಣಿ ಅಮಾನತ್ — ನಂಬಿ ಒಪ್ಪಿಸಿದ್ದು — ಎಂದಿದ್ದ. ಪಟ್ಟಣದ ಹವಲ್ಲಿ ಬಡಾವಣೆಯಲ್ಲಿದ್ದ ನಮ್ಮೂರವರು ಬಗ್ದಾದಿನ ಮೂಲಕ ಜೋರ್ಡಾನಿನ ಅಮ್ಮಾನಿಗೆ ಹೋಗುವ ಬಸ್ಸುಗಳನ್ನು ಹತ್ತಿದರು. ನಾನು ಹೊರಡೋಣವೆಂದು ನಿಮ್ಮ ಕಾಲು ಹಿಡಿಯುವುದೊಂದು ಬಾಕಿ. ಒಬ್ಬನೇ ಹೋಗಲು ನನಗೆ ಧೈರ್ಯವಿರಲಿಲ್ಲ, ಅರಬ್ಬಿ ಭಾಷೆ ಬಾರದು, ಚೆಕ್‌ಪೋಸ್ಟಿನ ಬಂದೂಕು ಕಂಡರೆ ಬಾಯಿ ಒಣಗುತ್ತಿತ್ತು.

"ಅಮಾನತ್ ಬಿಟ್ಟು ಓಡಿದ್ರೆ ಅಲ್ಲಾಹನಿಗೆ ಎಂತ ಜವಾಬು ಕೊಡುದು? ಇದು ಇರುವ ತನಕ ನಾನು ಬರುದಿಲ್ಲ," ಎಂದಿರಿ. ಕಡಲಿಗೆ ಬಿಟ್ಟುಬಿಡುವ ಎಂದರೆ, "ಇಲ್ಲಿಯ ಚಳಿಗೆ ಬದುಕುದಿಲ್ಲ ಅಂತ ನೀವೇ ಹೇಳಿದ್ದಲ್ವಾ ಮಾರಾಯ್ರೇ?" ಎಂದಿರಿ.

ಹೌದು, ನಾನೇ ಹೇಳಿದ್ದೆ. ತಣ್ಣೀರಿನಿಂದ ಎದ್ದು ಬಂದ ಮೇಲೆ ಅದು ಬಿಸಿಲಲ್ಲಿ ಬಿದ್ದುಕೊಂಡು ಮೈ ಕಾಯಿಸಲೇಬೇಕು. ಮೈ ಕಾಯದಿದ್ದರೆ ತಿಂದ ಪಾಚಿ ಕರಗದು. ಹೊಟ್ಟೆ ತುಂಬಿದ್ದರೂ ಪ್ರಾಣಿ ಸಾಯುತ್ತದೆ. ಮಿಕ್ಕ ಪ್ರಾಣಿಗಳನ್ನೂ ಕಾವಿನ ದೀಪಗಳನ್ನೂ ಸೈನಿಕರು ಕಿತ್ತುಕೊಂಡು ಹೋದ ಮೇಲೆ ನಾವು ಕೆಲಸ ಹಂಚಿಕೊಂಡೆವು. ಇಳಿತದ ಹೊತ್ತಿಗೆ ಪಾಚಿ ತರುವುದು ನಿಮ್ಮ ಪಾಲು. ಅಂಗಳದ ಕಪ್ಪು ಕಲ್ಲಿನ ಮೇಲೆ ಅಜ್ಜನನ್ನು ಬಿಸಿಲಿಗಿಟ್ಟು, ಬಿಸಿಲು ಸರಿದಂತೆ ಸರಿಸುವುದು ನನ್ನ ಪಾಲು.

ಡಿಸೆಂಬರಿನ ಚಳಿ ಬಂತು. ಇದು ಇರುವ ತನಕ ಎಂದಿದ್ದಿರಲ್ಲ — ಇಲ್ಲದಿದ್ದರೆ? ಹಾವು ಸಾಯಬೇಕು, ಕೋಲು ಮುರಿಯಬಾರದು. ನೀವು ರೊಟ್ಟಿಯ ಸಾಲಿಗೆ ಕಾರು ತೆಗೆದುಕೊಂಡು ಹೋದ ಕೂಡಲೆ ನಾನು ಅದನ್ನೆತ್ತಿ ಹಿಂದಿನ ಉಗ್ರಾಣದ ತಣ್ಣನೆಯ ಸಿಮೆಂಟು ನೆಲದ ಮೇಲೆ ಇಡತೊಡಗಿದೆ. ನೀವು ಬರುವ ಹೊತ್ತಿಗೆ ಮತ್ತೆ ಕಲ್ಲಿನ ಮೇಲೆ. ಅದರ ದ್ವೀಪದಲ್ಲಿ ನೆಲದ ಮೇಲೆ ಶತ್ರುಗಳು ಕಡಿಮೆಯಂತೆ, ಮನುಷ್ಯನೆಂದರೆ ಹೆದರಿಕೆಯೇ ಇಲ್ಲ. ಎತ್ತಿಕೊಂಡರೆ ನನ್ನ ಎದೆಯ ಕಾವಿಗೆ ಹೊಟ್ಟೆ ಒತ್ತಿ, ಅಂಗಿಗೆ ಉಗುರು ಸಿಕ್ಕಿಸಿ ಅಂಟಿಕೊಳ್ಳುತ್ತಿತ್ತು. ನಾನು ಒಂದೊಂದೇ ಉಗುರು ಬಿಡಿಸಿ ಕೆಳಗಿಡುತ್ತಿದ್ದೆ. ದಿನಾ.

ಅಜ್ಜ ಸೀನುವುದನ್ನು ನಿಲ್ಲಿಸಿದ. ನೀವು ಹಿಡಿದ ಪಾಚಿಯಿಂದ ಮೂತಿ ತಿರುಗಿಸಿದ. ನಿಮಗೆ ಕಂಡದ್ದು ನಿಮ್ಮ ಪಾಲಿನ ತಪ್ಪು ಮಾತ್ರ — ನನ್ನ ಪಾಲನ್ನು ನೀವು ಸಂಶಯಿಸಲೇ ಇಲ್ಲ.

"ಶೆಟ್ರೇ, ನೀವು ಕಲಿತವರು. ಪಾಚಿಯದ್ದೇ ತೊಂದರೆಯಾ? ಇಲ್ಲಿದ್ದು ಹಳತಾಯ್ತು ಕಾಣ್ತದೆ. ತಂತಿಯ ಆಚೆ ಒಳ್ಳೇದುಂಟು."

ಸೈನಿಕರು ಕಡಲದಂಡೆಗೆ ಬಿಗಿದ ಆ ಮುಳ್ಳುತಂತಿಯ ಆಚೆ ಏನು ಹೂತಿದ್ದಾರೆಂದು ನಮಗಿಬ್ಬರಿಗೂ ಗೊತ್ತಿತ್ತು. ಪಾಚಿಯದ್ದಲ್ಲ ಮೋನಾಕ, ಬಿಸಿಲಿನದ್ದು — ಇಷ್ಟು ಹೇಳಿದ್ದರೆ ನೀವು ಹೋಗುತ್ತಿರಲಿಲ್ಲ. ಆದರೆ ಹೇಳಿದರೆ ಸಿಕ್ಕಿಬೀಳುತ್ತಿದ್ದೆ. ನೀವು ತಂತಿ ದಾಟಲಾರಿರಿ ಎಂದುಕೊಂಡೆನೇ? ಹಾಗೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಅದು ಸುಳ್ಳು.

"ಇರಬಹುದು," ಎಂದೆ.

ಮರುದಿನ ಬೆಳಿಗ್ಗೆ ಕಡಲ ಕಡೆಯಿಂದ ಸ್ಫೋಟದ ಸದ್ದು ಕೇಳಿತು. ನಿಮ್ಮದೇ ಹೆಜ್ಜೆ ಗುರುತಿನ ಮೇಲೆ ಕಾಲಿಟ್ಟು ಬಂದು ನಿಮ್ಮನ್ನು ಹೊತ್ತೆ — ಊರು ಹೊಗಳುವುದು ಈ ಒಂದನ್ನು. ನಿಮ್ಮ ಮುಷ್ಟಿಯಲ್ಲಿ ಹಸಿ ಪಾಚಿ ಇತ್ತು. ಆಸ್ಪತ್ರೆಯ ಬಾಗಿಲಲ್ಲಿ ಅದನ್ನು ನನ್ನ ಕೈಗಿಟ್ಟು, "ಬೇಗ ಹೋಗಿ ಅಜ್ಜನಿಗೆ ಕೊಡಿ," ಎಂದಿರಿ.

ಹೋದೆ. ಆ ಬೆಳಿಗ್ಗೆಯೂ ನಾನಿಟ್ಟಲ್ಲೇ, ಉಗ್ರಾಣದಲ್ಲಿ, ಅದು ಸತ್ತು ಬಿದ್ದಿತ್ತು. ಅಡುಗೆಮನೆಯ ಚೂರಿಯಿಂದ ಹೊಟ್ಟೆ ಕೊಯ್ದು ನೋಡಿದೆ, ಕಲಿತವನಲ್ಲವೇ. ಆಮೇಲೆ ಗುಂಡಿ ತೋಡಿ, ಸಾಲದೆಂದು ಮತ್ತೆ ತೋಡಿ ಹೂತೆ. ನಿಮ್ಮ ಹತ್ತಿರ, ಪಾಚಿ ತಲುಪುವ ಮೊದಲೇ ಹಸಿವಿನಿಂದ ಸತ್ತಿತ್ತು ಎಂದೆ. ನೀವು ಅತ್ತಿರಿ. ಕಾಲಿಗಾಗಿ ಅತ್ತದ್ದನ್ನು ನಾನು ನೋಡಿಲ್ಲ.

ನನಗೆ ಬೇಕಾದದ್ದು ಸಿಕ್ಕಿತು. ಪಕ್ಕದ ಬೀದಿಯ ಪ್ಯಾಲೆಸ್ತೀನಿಯೊಬ್ಬ ತನ್ನ ವ್ಯಾನಿನಲ್ಲಿ ನಮ್ಮನ್ನು ಬಸ್ಸಿನವರೆಗೆ ಬಿಟ್ಟ. ಚೆಕ್‌ಪೋಸ್ಟುಗಳಲ್ಲಿ ನಿಮ್ಮ ಬ್ಯಾಂಡೇಜು ನೋಡಿ ಸೈನಿಕರು ಯಲ್ಲಾ ಯಲ್ಲಾ ಎಂದು ದಾರಿ ಬಿಟ್ಟರು. ಕತ್ತರಿಸಿ ತೆಗೆದ ನಿಮ್ಮ ಕಾಲಿನಿಂದ ನಾನು ಊರಿಗೆ ಬಂದೆ.

ಮಗಳ ನಿಕಾಹದಲ್ಲಿ ನನ್ನನ್ನು ಮುಂದೆ ಕೂರಿಸಿ, "ನನ್ನನ್ನು ಹೊತ್ತ ಹೆಗಲು ಇದು," ಎಂದಿರಿ. ನಾನು ಬಿರಿಯಾನಿ ತಿಂದು, ಎರಡನೇ ಸಲವೂ ಹಾಕಿಸಿಕೊಂಡು ಬಂದೆ. ಪ್ರತಿ ರಮ್ಜಾನಿಗೆ ಫೋನು ಮಾಡುತ್ತೀರಿ, ಕೊನೆಗೆ ಅದೇ ಪ್ರಶ್ನೆ: "ನಾನು ಸ್ವಲ್ಪ ಮೊದಲೇ ತಂತಿ ದಾಟಿದ್ರೆ ಅಜ್ಜ ಉಳಿತಿತ್ತಾ ಶೆಟ್ರೇ?" ಪ್ರತಿ ಸಲ ನಾನು ಇರಬಹುದು ಎನ್ನುತ್ತೇನೆ. ಮೊನ್ನೆಯೂ ಎಂದೆ.

ಇಲ್ಲ, ಮೋನಾಕ. ಚೂರಿ ಹಾಕಿದಾಗ ನೋಡಿದ್ದೇನೆ — ಅದರ ಹೊಟ್ಟೆ ತುಂಬಿತ್ತು. ನೀವು ತಂದ ಪಾಚಿ ತಂದಷ್ಟೇ ಹಸಿರಾಗಿ ಒಳಗಿತ್ತು. ನಿಮ್ಮ ಪಾಲಿನ ಕೆಲಸದಲ್ಲಿ ಯಾವ ತಪ್ಪೂ ಇರಲಿಲ್ಲ.