ಜಗಳೂರಿಗೆ ಹೋದ ಕೇರಂ ಬೋರ್ಡು

ಚನ್ನಗಿರಿಯ ಉಚ್ಚಂಗೆಪ್ಪ ಬಾಗಿಲು, ಕಿಟಕಿ, ತೊಟ್ಟಿಲು ಎಲ್ಲ ಮಾಡುತ್ತಿದ್ದ. ಮನೆ ನಡೆಯುತ್ತಿದ್ದದ್ದು ಅವುಗಳಿಂದ. ಆದರೆ ಅವನ ಜೀವ ಇದ್ದದ್ದು ಕೇರಂ ಬೋರ್ಡಿನಲ್ಲಿ. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಹೆಂಡತಿ ಕರಿಬಸಮ್ಮ ಬಾಗಿಲಲ್ಲಿ ನಿಂತು, "ನನಗೂ ಒಬ್ಳು ಸವತಿ ಅವ್ಳೆ. ನಾಕು ಮೂಲೆ, ನಾಕು ಗುಂಡಿ" ಎಂದು ಬೀದಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು.

ಅವನ ಕೆಲಸದ ರೀತಿಯೇ ಬೇರೆ. ಬೋರ್ಡಿನ ಸುತ್ತಿನ ಪಟ್ಟಿಗೆ ಹೊಸ ಮರ ಮುಟ್ಟುತ್ತಿರಲಿಲ್ಲ. ಮುರಿದ ಎತ್ತಿನ ಗಾಡಿ ಎಲ್ಲಿದ್ದರೂ ಹುಡುಕಿಕೊಂಡು ಹೋಗಿ ಅದರ ಜಾಲಿ ಮರ ತರುತ್ತಿದ್ದ. "ಇಪ್ಪತ್ತು ವರ್ಷ ಹಳ್ಳ ದಿಣ್ಣೆ ಬಿದ್ದೆದ್ದ ಮರ ಇದು. ಇನ್ನ ಸೊಟ್ಟಗಾಗಾಕೆ ಇದ್ರಾಗೆ ಏನೂ ಉಳಿದಿಲ್ಲ" ಅನ್ನುವನು. ನಡುವಿನ ಪ್ಲೈವುಡ್ ಹಲಗೆ ಆರು ತಿಂಗಳು ಒಲೆಯ ಮೇಲಿನ ಅಟ್ಟದಲ್ಲಿ ಮಲಗಬೇಕು. ಕರಿಬಸಮ್ಮ ಸೌದೆ ಹಸಿಯಿದ್ದು ಹೊಗೆ ಹೆಚ್ಚಾದರೆ ತನ್ನ ಕಣ್ಣು ಉರಿಯುತ್ತದೆ ಅನ್ನುವಳು. ಹೊಗೆ ಕಡಿಮೆಯಾದರೆ ಹಲಗೆ ಬೇಸರ ಮಾಡಿಕೊಳ್ಳುತ್ತದೆ ಎಂದು ಅವನು ಅನ್ನುವನು.

ಕೊನೆಯ ಪರೀಕ್ಷೆ ಅವಳದು. ಅವಳ ಬಳಿ ಒಂದು ಗಾಜಿನ ಗೋಲಿ ಇತ್ತು. ಉಪ್ಪುಕಾಗದ ಹಾಕಿ ತಿಕ್ಕಿದ ಬೋರ್ಡಿನ ಮೇಲೆ ಅದನ್ನು ಇಡಬೇಕು. ಇಟ್ಟಲ್ಲಿ ನಿಂತರೆ ಬೋರ್ಡು ಪಾಸು. ಒಂದು ಎಳ್ಳುಕಾಳಿನಷ್ಟು ಸರಿದರೂ ಉಚ್ಚಂಗೆಪ್ಪ ಮತ್ತೆ ತೋಪಡ ಹಿಡಿದು ಹೆರೆಯುತ್ತಿದ್ದ.

ಆಟದವರ ಕಾಟ ಹೇಳತೀರದು. ಹೊನ್ನಾಳಿಯ ವಿರೂಪಾಕ್ಷಪ್ಪ ಹೈಸ್ಕೂಲಿನ ಗುಮಾಸ್ತ, ಸುತ್ತಲ ಊರಿಗೆಲ್ಲ ದೊಡ್ಡ ಆಟಗಾರ. ಅವನಿಗೆ ಮುಟ್ಟಿದರೆ ಓಡುವ ಬೋರ್ಡು ಬೇಕು. ಸ್ಟ್ರೈಕರ್ ಪಟ್ಟಿಗೆ ಬಡಿದು ಮೂರು ಸಲ ವಾಪಸು ಬರಬೇಕು. ನ್ಯಾಮತಿಯವರಿಗೆ ಅಷ್ಟು ಓಟ ಬೇಡ, ಗುಂಡಿ ಮಾತ್ರ ಒಂದು ಬೆರಳು ದೊಡ್ಡದು ಬೇಕು.

"ಆಟ ಬರ್ದಿದ್ರೆ ಮನೀ ಹಿಂದೆ ಬಾವಿ ತೋಡಿಸ್ಕೊಳ್ಳಿ, ಅದ್ರಾಗೆ ಹಾಕ್ಲಿ" ಎಂದು ಉಚ್ಚಂಗೆಪ್ಪ ನ್ಯಾಮತಿಯವರನ್ನು ವಾಪಸು ಕಳಿಸಿದ.

"ಕೇಳಿದ್ದು ಮಾಡಿ ಕೊಡ್ರೀ. ನಿಮಗೇನು ಹೋಗೋದು?" ಎಂದಳು ಕರಿಬಸಮ್ಮ.

"ಹೆಸರು ಹೋಗ್ತತೆ."

ಹೆಸರು ಅಂದರೆ ಬೋರ್ಡಿನ ತಳದಲ್ಲಿ ಕಾದ ಕಬ್ಬಿಣದಿಂದ ಅವನು ಸುಡುತ್ತಿದ್ದ 'ಉ' ಅಕ್ಷರ. ಅದನ್ನು ಸುಟ್ಟ ಮೇಲೆ ಬೋರ್ಡಿನ ಹತ್ತಿರ ನೀರಿನ ಚೊಂಬು ಬರುವಂತಿರಲಿಲ್ಲ. ಆಯುಧಪೂಜೆಯ ದಿನ ಗರಗಸಕ್ಕೆ ಹೂವು, ಉಳಿಗೆ ಹೂವು, ತೋಪಡಕ್ಕೆ ಕುಂಕುಮ. ಬೋರ್ಡಿಗೆ ಏನೂ ಇಲ್ಲ. ಕರಿಬಸಮ್ಮನಿಗೆ ಇದು ಹಿಡಿಸುತ್ತಿರಲಿಲ್ಲ. ಪೂಜೆ ಇಲ್ಲದೆ ಮನೆಯಿಂದ ಹೊರಬೀಳುವ ವಸ್ತು ಒಳ್ಳೆಯದಲ್ಲ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು.

ಎಂಬತ್ತೊಂದರಲ್ಲಿ ಜಗಳೂರಿನಿಂದ ಮಹೇಶ್ವರಪ್ಪ ಬಂದ. ಅಲ್ಲಿ ಹೊಸದಾಗಿ ಆಟದ ಸಂಘ ಕಟ್ಟಿದ್ದರು, ಅವನು ಕಾರ್ಯದರ್ಶಿ. ನಾಲ್ಕು ತಾಲ್ಲೂಕಿನ ಪಂದ್ಯ ನಡೆಸಬೇಕು, ಅದಕ್ಕೆ ಉಚ್ಚಂಗೆಪ್ಪನ ಬೋರ್ಡೇ ಬೇಕು ಎಂದ. ಉಚ್ಚಂಗೆಪ್ಪ ಹಿಗ್ಗಿದ. ಏಳು ತಿಂಗಳು ಆ ಒಂದೇ ಬೋರ್ಡಿಗೆ ಮೈ ಬಗ್ಗಿಸಿದ. ಗೋಲಿ ಇಟ್ಟರೆ ಉಗುರಿನಲ್ಲಿ ತಳ್ಳಿದರೂ ಹೋಗಲು ಮನಸ್ಸಿಲ್ಲದಂತೆ ನಿಲ್ಲುತ್ತಿತ್ತು.

ಮಹೇಶ್ವರಪ್ಪ ಬೋರ್ಡು ಒಯ್ಯಲು ಬಂದ ದಿನ ಉಚ್ಚಂಗೆಪ್ಪ ಅದನ್ನು ಕಟ್ಟಲು ಹಗ್ಗ ತರಲು ಹೋದ. ಕರಿಬಸಮ್ಮ ಒಳಗಿನಿಂದ ಒಂದು ತೆಂಗಿನಕಾಯಿ ತಂದು ಮಹೇಶ್ವರಪ್ಪನ ಚೀಲದಲ್ಲಿ ಇಟ್ಟಳು.

"ಅಣ್ಣಾರೆ, ಬೋರ್ಡಿಗೆ ಇದನ್ನ ಒಡೆದು ಆಟ ಶುರು ಮಾಡ್ರಿ. ನಮ್ಮನೇರಿಗೆ ಹೇಳ್ಬೇಡ್ರಿ, ಬೈತಾರೆ."

"ಒಳ್ಳೇದಕ್ಕೆ ತಾನೇ ಅಕ್ಕಾರೆ, ಆಗ್ಲಿ" ಎಂದ ಅವನು.

ನಾಲ್ಕು ತಿಂಗಳಿಗೆ ಒಂದು ಕಾರ್ಡು ಬಂತು. ಬೋರ್ಡಿನ ಒಂದು ಮೂಲೆಯಲ್ಲಿ ಗುಡ್ಡ ಎದ್ದಿದೆ, ಪಾನಿನ ಬಿಲ್ಲೆಗಳು ಗುಂಡಿಯ ಬಾಯಿಗೆ ಹೋಗಿ ತಿರುಗಿ ಬರುತ್ತವೆ, ಪಂದ್ಯದಲ್ಲಿ ಜಗಳವಾಯಿತು, ನಾಲ್ಕು ಊರಿನ ಮುಂದೆ ಮರ್ಯಾದೆ ಹೋಯಿತು. ಉಚ್ಚಂಗೆಪ್ಪ ಅಂಗಿ ಹಾಕಿಕೊಂಡು ಅವತ್ತೇ ಬಸ್ಸು ಹತ್ತಿದ. ಮರುದಿನ ಬಂದವನು ಕೈಕಾಲು ತೊಳೆದು ಕೂತ.

"ಏನಾಗಿತ್ರೀ?"

"ನನ್ ತಪ್ಪು."

"ಏನ್ ತಪ್ಪು?"

"ತಪ್ಪು ಅಂದ್ನಲ್ಲ. ಅನ್ನ ಹಾಕು."

ಅಷ್ಟೇ. ಆ ಗುಡ್ಡದ ಸುದ್ದಿ ಹೊನ್ನಾಳಿಗೂ ಹೋಯಿತು, ನ್ಯಾಮತಿಗೂ ಹೋಯಿತು. ಗುಂಡಿ ದೊಡ್ಡದು ಕೇಳಿ ಬೈಸಿಕೊಂಡವರಿಗೆ ಹಬ್ಬವಾಯಿತು. ವಿರೂಪಾಕ್ಷಪ್ಪ ದಾವಣಗೆರೆಯ ಅಂಗಡಿಯಿಂದ ಬೋರ್ಡು ತರಿಸಿಕೊಂಡ. ಉಚ್ಚಂಗೆಪ್ಪನ ಹತ್ತಿರ ಬೋರ್ಡು ಕೇಳಿಕೊಂಡು ಯಾರೂ ಬರಲಿಲ್ಲ.

ಕರಿಬಸಮ್ಮ ಸುಮ್ಮನಿರಲಿಲ್ಲ. ಅವಳ ಬಾಯಿ ಸುಮ್ಮನಿರುವ ಬಾಯಲ್ಲ. "ಎಲ್ಲಿಂದ ತಂದಿದ್ರಿ ಆ ಹಲಗೇನ? ಹಸಿ ಇತ್ತೇನೋ. ನನ್ನ ಒಲೀ ಹೊಗೆ ಸಾಲ್ಲಿಲ್ಲೇನೋ. ಏಳು ತಿಂಗಳು ಮಾಡಿ ಊರೆಲ್ಲ ನಗಿಸಿದ್ರಿ" ಎಂದು ಹೊತ್ತು ಹೊತ್ತಿಗೆ ಚುಚ್ಚಿದಳು. ಅವನು ತಲೆ ಎತ್ತದೆ ತೊಟ್ಟಿಲಿನ ಕಾಲು ಕೆತ್ತುತ್ತಿದ್ದ. ಒಂದು ವರ್ಷ ಹೀಗೇ ನಡೆಯಿತು. ಎಂಬತ್ತಮೂರರ ಬೇಸಿಗೆಯಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ತಿಥಿಗೆ ಬಂದವರಲ್ಲಿ ಒಬ್ಬ ಅಂದ: "ಒಳ್ಳೇ ಕೆಲಸಗಾರ. ಆ ಜಗಳೂರಿನ ಬೋರ್ಡು ಒಂದು ಕೆಡಿಸ್ದೆ ಇದ್ದಿದ್ರೆ." ಅನ್ನದ ಎಲೆಯ ಮುಂದೆ ಕೂತು ಅಂದ ಮಾತು. ಕರಿಬಸಮ್ಮನಿಗೆ ಮೈಯೆಲ್ಲ ಉರಿಯಿತು. ಗಂಡನನ್ನು ತಾನು ಬಯ್ಯಬಹುದು, ಊರು ಯಾಕೆ ಬಯ್ಯಬೇಕು? ಆ ಮರ ತಾನು ಕಂಡ ಮರ. ಆ ಗೋಲಿ ತಾನು ಇಟ್ಟ ಗೋಲಿ. ಸತ್ತವನ ತಪ್ಪು ಏನು ಎಂದು ಕಣ್ಣಾರೆ ನೋಡಿಯೇ ಬಿಡಬೇಕು ಎಂದು ಗೋಲಿಯನ್ನು ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡು ಜಗಳೂರಿಗೆ ಹೊರಟಳು.

ಬೋರ್ಡು ಸಂಘದ ಗೋಡೆಗೆ ಒರಗಿ ನಿಂತಿತ್ತು. ಯಾರೋ ಅದರ ಮೇಲೆ ಸುಣ್ಣದಕಡ್ಡಿಯಲ್ಲಿ 'ಚನ್ನಗಿರಿ ಗುಡ್ಡ' ಎಂದು ಬರೆದಿದ್ದರು. ಅವಳು ಸೆರಗಿನಿಂದ ಒರೆಸಿದಳು. ಮಹೇಶ್ವರಪ್ಪ ಬೇಡ ಬೇಡ ಅನ್ನುತ್ತಲೇ ಅದನ್ನು ಮೇಜಿನ ಮೇಲೆ ಮಲಗಿಸಿದ. ಅವಳು ಒಂದು ಮೂಲೆಯಲ್ಲಿ ಗೋಲಿ ಇಟ್ಟಳು, ನಿಂತಿತು. ಎರಡನೆಯದರಲ್ಲಿ ನಿಂತಿತು. ಮೂರನೆಯದರಲ್ಲಿ ನಿಂತಿತು. ನಾಲ್ಕನೆಯದರಲ್ಲಿ ಉರುಳಿ ನಡುವಿಗೆ ಬಂತು.

ಬಗ್ಗಿ ನೋಡಿದಳು. ಆ ಮೂಲೆಯ ಪಟ್ಟಿಯ ಮೇಲೆ ಏಟು ಬಿದ್ದ ಗುರುತು. ಗುಂಡಿಯ ಬಲೆಗೆ ಕುಂಕುಮ ಮೆತ್ತಿಕೊಂಡು ಕಪ್ಪಾಗಿತ್ತು. ಪಟ್ಟಿಯ ಸಂದಿಯಲ್ಲಿ ಎರಡು ಎಳೆ ತೆಂಗಿನ ನಾರು.

"ಇಲ್ಲೇ ಒಡೆದ್ರಾ?"

"ಕಲ್ಲಿನಂಗೆ ಗಟ್ಟಿ ಇತ್ತಲ್ಲ ಅಕ್ಕಾರೆ ಆ ಪಟ್ಟಿ. ಬೋರ್ಡಿಗೆ ಒಡೀರಿ ಅಂದಿದ್ರಿ. ಒಂದೇ ಏಟಿಗೆ ಎರಡು ಹೋಳು."

"ನೀರು ಒರೆಸ್ಲಿಲ್ವಾ?"

"ದೇವರ ತೀರ್ಥ, ಹೆಂಗೆ ಒರೆಸೋದು? ಒಣಗ್ಲಿ ಅಂತ ಬಿಟ್ವಿ."

ನೀರು ಪಟ್ಟಿಯ ಕೆಳಗೆ ಇಳಿದು ಹಲಗೆಯ ಪದರ ಬಿಚ್ಚಿತ್ತು. ಬೋರ್ಡಿಗೆ ಅಂದರೆ ಬೋರ್ಡಿನ ಮುಂದೆ ಎಂದು ಅವಳು ಬಿಡಿಸಿ ಹೇಳಿರಲಿಲ್ಲ.

"ನಮ್ಮನೇರು ಬಂದಾಗ ಇದನ್ನ ನೋಡಿದ್ರಾ?"

"ನೋಡಿದ್ರು. ಯಾರು ಒಡೀರಿ ಅಂದಿದ್ದು ಅಂತ ಕೇಳಿದ್ರು. ಸುಳ್ಳು ಹೇಳಾಕೆ ಬರ್ಲಿಲ್ಲ, ನೀವು ಅಂದೆ. ಒಂದು ಬೀಡಿ ಸೇದಿದ್ರು. ಆಮೇಲೆ ಎಲ್ಲಾರ ಮುಂದೆ, ಹಲಗೆ ಹಸಿ ಇತ್ತು, ನನ್ ತಪ್ಪು ಅಂದು ಎದ್ದು ಹೋದ್ರು."

ಕರಿಬಸಮ್ಮ ಅಳಲಿಲ್ಲ. ಕೋಪ ಬಂತು. ಮನೆಗೆ ಬಂದು ಬಯ್ದಿದ್ದರೆ ಮುಗಿಯುತ್ತಿತ್ತು. ಎರಡು ದಿನ ಮಾತು ಬಿಡುತ್ತಿದ್ದಳು, ಮೂರನೆಯ ದಿನ ಮುದ್ದೆ ತಿರುವುತ್ತಿದ್ದಳು. ಬಾಯಿ ಕಟ್ಟಿಕೊಂಡು ಸತ್ತ. ಒಂದು ವರ್ಷ ಅವಳ ಬಾಯಿಂದಲೇ ಬೈಸಿಕೊಂಡು ಸತ್ತ. ಈಗ ಯಾರ ಹತ್ತಿರ ಜಗಳ ಆಡುವುದು?

"ಆಗಿದ್ದು ಆತು ಬಿಡ್ರಿ" ಎಂದ ಮಹೇಶ್ವರಪ್ಪ. "ದೇವರಿಗೆ ಒಡೆದಿದ್ದರಿಂದ ಕೆಟ್ಟಿತು ಅಂತ ಹೊರಗೆ ಹೇಳೋದು ಚೆಂದಲ್ಲ."

"ದೇವರು ಒರೆಸ್ಬೇಡ ಅಂದಿದ್ನಾ? ಬೋರ್ಡು ಕೊಡ್ರಿ."

ಅದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಅವಳು ನೆಟ್ಟಗೆ ಮನೆಗೆ ಹೋಗಲಿಲ್ಲ. ಹೊನ್ನಾಳಿಯಲ್ಲಿ ಇಳಿದು ವಿರೂಪಾಕ್ಷಪ್ಪನ ಮನೆಯ ಜಗಲಿಯ ಮೇಲೆ ಇಳಿಸಿದಳು. ನಡೆದದ್ದನ್ನೆಲ್ಲ ಹೇಳಿದಳು. ತನ್ನ ತೆಂಗಿನಕಾಯಿಯನ್ನೂ ಬಿಡಲಿಲ್ಲ.

"ಅವ್ವಾ, ಈಗ ಹೇಳಿ ಏನು ಬಂತು? ಮನುಷ್ಯನೇ ಇಲ್ಲ."

"ಬರೋದು ನಂಗೇನೂ ಬ್ಯಾಡ. ಸ್ಟ್ರೈಕರ್ ತಗೊಂಡು ಹೊಡೀರಿ. ಆ ಕೆಟ್ಟ ಮೂಲೆ ಬಿಟ್ಟು ಹೊಡೀರಿ."

ಅವನು ಮನಸ್ಸಿಲ್ಲದೆ ಹೊಡೆದ. ಸ್ಟ್ರೈಕರ್ ಪಟ್ಟಿಗೆ ಬಡಿದು ಬಂತು, ಮತ್ತೆ ಬಡಿದು ಬಂತು, ಮೂರನೆಯ ಸಲವೂ ಬಂತು. ಅವನು ಇನ್ನೊಮ್ಮೆ ಹೊಡೆದ. ಆಮೇಲೆ ಅವಳು ಹೇಳದೆಯೇ ಮತ್ತೊಮ್ಮೆ.

"ದಾವಣಗೆರೆ ಬೋರ್ಡಿನಾಗೆ ಈ ಓಟ ಇಲ್ಲ" ಎಂದ, ತಲೆ ಎತ್ತದೆ. "ಇಂಥದ್ದು ಇನ್ನೊಂದು ಸಿಕ್ಕತೈತಾ?"

"ಮಾಡೋರು ಎಲ್ಲಿ ಅವ್ರೆ?" ಎಂದಳು ಕರಿಬಸಮ್ಮ. "ಈ ಮಾತು ಅವರು ಇದ್ದಾಗ ಬಂದು ಹೇಳಾಕೆ ಏನಾಗಿತ್ತು ನಿಮಗೆ? ನಂಗಾದ್ರೂ ಏನಾಗಿತ್ತು?"

ಬೋರ್ಡನ್ನು ತಾನೇ ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು. ಮುಂದಿನ ಬಸ್ಸು ನ್ಯಾಮತಿಗಿತ್ತು. ಅಲ್ಲಿಯವರಿಗೂ ಹೇಳುವುದಿತ್ತು.