ಸ್ಕೂಟರ್ ಕೆಡಲಿ ಎಂದು ಬೇಡಿಕೊಂಡ ವರ್ಷ

ನನಗೆ ಬಾರದ ಸ್ವರವಿಲ್ಲ. ನಮ್ಮ ಸಭೆಯ ಪಾದ್ರಿಗಳ ಕೆಮ್ಮು ಬರುತ್ತದೆ. ಮೇಲಿನ ಸ್ವರಕ್ಕೆ ಹತ್ತಲಾಗದೆ ಹಾಡುವ ತಂಡದ ಆಂಟಿಯೊಬ್ಬರು ಕಣ್ಣು ಮುಚ್ಚುವ ರೀತಿ ಬರುತ್ತದೆ. ಜೆಪ್ಪುವಿನಿಂದ ಹಂಪನಕಟ್ಟೆಗೆ ಹೋಗುವ ಬಸ್ಸಿನಲ್ಲಿ "ದುಂಬು ಪೋಲೆ, ದುಂಬು ಪೋಲೆ" ಎಂದು ನಮ್ಮನ್ನೆಲ್ಲ ಮುಂದಕ್ಕೆ ದೂಡುವ ಕಂಡಕ್ಟರನ ರಾಗವೂ ಬರುತ್ತದೆ. ಇಷ್ಟೆಲ್ಲ ಸ್ವರಗಳಿರುವ ನನ್ನನ್ನು, ಸ್ವರವೇ ಇಲ್ಲವೆಂದು ಫೇಲು ಮಾಡಿದವರು ನಮ್ಮ ಸಭೆಯ ಹಿರಿಯರೊಬ್ಬರು.

ನಮ್ಮಲ್ಲಿ ದೃಢೀಕರಣ, ಅಂದರೆ ಸಭೆಯ ಎದುರು ಸ್ವಂತ ಬಾಯಿಂದ ನಂಬಿಕೆ ಒಪ್ಪಿಕೊಳ್ಳುವ ಶಾಸ್ತ್ರ, ಆಗದವರಿಗೆ ಕರ್ತನ ಮೇಜಿನ ರೊಟ್ಟಿ, ದ್ರಾಕ್ಷಾರಸ ಸಿಗುವುದಿಲ್ಲ. ಅದಕ್ಕೆ ಮುಂಚಿನ ದಿನ ಈ ಹಿರಿಯರ ಎದುರು ಕುಳಿತು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ದೇವರನ್ನು ನೀನು ಸ್ವಂತವಾಗಿ ಹೇಗೆ ತಿಳಿದುಕೊಂಡೆ? ನನ್ನ ಜೊತೆಗಿದ್ದವರೆಲ್ಲ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿ ಪಾರಾದರು. ನನಗೆ ಬಾಯಿಪಾಠ ಏತಕ್ಕೆ? ಬಾಯಿ ತೆರೆದೆ. ಬೇಸಿಗೆಯ ಪ್ರಾರ್ಥನಾ ಕೂಟಕ್ಕೆ ಬಂದಿದ್ದ ಬೋಧಕರ ಹಾಗೆ, ನನಗೇ ಗೊತ್ತಿಲ್ಲದೆ, ಕರ್ಚೀಫು ತೆಗೆದು ಗದ್ಗದಿತನಾದೆ.

"ಚಂದ ಉಂಟು," ಎಂದರು ಹಿರಿಯರು, ಪೆನ್ನಿನ ಮುಚ್ಚಳವನ್ನು ಮೇಜಿಗೆ ಕುಟ್ಟುತ್ತ. "ಆದ್ರೆ ಇದು ಕೂಟಕ್ಕೆ ಬಂದವರ ಸ್ವರ. ನಿನ್ನದೆಲ್ಲಿ?"

ಗಾಬರಿಯಲ್ಲಿ ಇನ್ನೊಂದು ಸ್ವರ ತೆಗೆದೆ.

"ಇದು ಪಾದ್ರಿಯವರದ್ದು."

ಮತ್ತೆ ಬಾಯಿ ತೆರೆದೆ. ಈ ಸಲ ಏನೂ ಬರಲಿಲ್ಲ.

"ಮುಂದಿನ ವರ್ಷ ಬಾ ಮಾರಾಯ. ನಿನ್ನೊಳಗೆ ಯಾರಾದ್ರೂ ಇದ್ರೆ ಕರ್ಕೊಂಡು ಬಾ."

ಬಾಗಿಲಿನ ಹೊರಗಿದ್ದವರು ಗೊಳ್ಳೆಂದು ನಕ್ಕರು. ಅಷ್ಟು ದೊಡ್ಡ ನಗು ನನ್ನ ಯಾವ ಮಿಮಿಕ್ರಿಗೂ ಸಿಕ್ಕಿರಲಿಲ್ಲ.

ಅಮ್ಮ ಅಷ್ಟರಲ್ಲಿ ನನಗೆ ಬಿಳಿ ಅಂಗಿ ಹೊಲಿಸಿಯಾಗಿತ್ತು, ನೆಂಟರನ್ನು ಕರೆದಾಗಿತ್ತು. ಮರುದಿನ ಎಲ್ಲರೂ ಬಂದರು. ಕೋಳಿ ಸುಕ್ಕ, ನೀರುದೋಸೆ ಮುಂದಿಟ್ಟುಕೊಂಡು ಸಾವಿನ ಮನೆಯಲ್ಲಿ ಉಂಡ ಹಾಗೆ ತಲೆ ತಗ್ಗಿಸಿ ಉಂಡರು. ಕೈ ತೊಳೆಯುವಾಗ ಮಣ್ಣಗುಡ್ಡದ ಅತ್ತೆ, "ಪರವಾಗಿಲ್ಲ ಮಗ, ಸಪ್ಲಿಮೆಂಟರಿ ಉಂಟಲ್ವ?" ಎಂದು ಸಮಾಧಾನ ಹೇಳಿದರು. ಅಮ್ಮ ನಕ್ಕಳು. ಆಮೇಲೆ ಒಳಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಯನ್ನು ಮತ್ತೆ ಉಜ್ಜತೊಡಗಿದಳು. ಅವಳ ಬೆನ್ನು ನೋಡುತ್ತ ನಾನು ತೀರ್ಮಾನಿಸಿದೆ: ಈ ಹಿರಿಯರನ್ನು ಬಿಡಬಾರದು.

ನನ್ನ ಕೈಯಲ್ಲಿದ್ದ ಆಯುಧ ಒಂದೇ, ಮಿಮಿಕ್ರಿ. ಹಿರಿಯರ ಪ್ರಾರ್ಥನೆಯನ್ನು ಕಲಿಯತೊಡಗಿದೆ. ಸಭೆಯವರೆಲ್ಲ ಕಣ್ಣು ಮುಚ್ಚಿದಾಗ ನಾನು ಮಾತ್ರ ತೆರೆದು ಅವರನ್ನು ನೋಡುತ್ತಿದ್ದೆ. ಮೊದಲು ಗಂಟಲು ಸರಿಮಾಡುವುದು, ಹಿಮ್ಮಡಿಯ ಮೇಲೆ ಸ್ವಲ್ಪ ಏಳುವುದು, ಆಮೇಲೆ "ಕೃಪೆಯುಳ್ಳ ತಂದೆಯೇಏಏ" ಎಂದು ಬಾವಿಗೆ ಕೊಡಪಾನ ಇಳಿಸಿದ ಹಾಗೆ ಕೊನೆಯನ್ನು ಎಳೆಯುವುದು. ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಇಡೀ ಸಭೆಯ ಎದುರು, ಅವರ ಹೆಂಡತಿ ಮಕ್ಕಳ ಎದುರು, ಅವರನ್ನೇ ಬಿಚ್ಚಿಡುವುದು ನನ್ನ ಲೆಕ್ಕಾಚಾರ. ದಿನಾ ಸಂಜೆ ತಾರಸಿಯಲ್ಲಿ ಅಭ್ಯಾಸ. ಅಮ್ಮ ಕೆಳಗಿನಿಂದ, "ಯಾರು ಬಂದದ್ದು? ಚಾ ಇಡ್ಲಾ?" ಎಂದು ಕೂಗಿದ ದಿನ ತಯಾರಿ ಮುಗಿಯಿತು ಎಂದುಕೊಂಡೆ.

ಕಾರ್ಯಕ್ರಮದ ಪಟ್ಟಿ ಮಾಡುವವರೂ ಅವರೇ. ನನ್ನ ಹೆಸರಿನ ಮೇಲೆ ಗೀಟು ಎಳೆದರು. "ಮೊದ್ಲು ದೃಢೀಕರಣ ಆಗ್ಲಿ. ಮತ್ತೆ ನೋಡುವ."

ಆ ಸಂಜೆ ತಾರಸಿಯಲ್ಲಿ ಅವರ ಸ್ವರ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಯಾರಿಗೂ ಕೇಳಿಸಲಾಗದ ಮೇಲೆ ಸುಮ್ಮನೆ ಒಮ್ಮೆ ಹೇಳಿಬಿಡೋಣವೆಂದು ಶುರುಮಾಡಿದೆ. "ಕೃಪೆಯುಳ್ಳ ತಂದೆಯೇ" ಎಂದೆ. ಎಳೆಯಲು ಹೋದಾಗ ಎಳೆತ ಬರಲಿಲ್ಲ. ಬೇರೆಯೇ ಬಂತು.

"ನೀನು ನೋಡಿದ್ದಲ್ವ ಮಾರಾಯ! ಅಮ್ಮ ಪಾತ್ರೆ ತೊಳೆದದ್ದು ನೋಡಿದ್ದಲ್ವ? ಮತ್ತೆಂತ ಸುಮ್ನೆ ಕೂತಿದ್ದಿ? ಅವರ ಹಲ್ಲುಸೆಟ್ಟು ಬೈಬಲ್ ಓದುವಾಗ ಬೀಳ್ಲಿ. ಹಂಪನಕಟ್ಟೆ ಸಿಗ್ನಲಿನಲ್ಲಿ ಅವರ ಸ್ಕೂಟರ್ ನಿಂತುಹೋಗ್ಲಿ. ಹಿಂದಿನ ಬಸ್ಸಿನವ್ರೆಲ್ಲ ಹಾರ್ನ್ ಹೊಡೀಲಿ. ಎಲ್ಲರೂ ನೋಡುವಾಗ ಅವರ ಬಾಯಿಂದ ಒಂದು ಶಬ್ದ ಹೊರಡಬಾರದು. ನನಗಾದ ಹಾಗೆ!"

ಹೇಳಿ ಮುಗಿಸಿ ಹಿಂದೆ ತಿರುಗಿ ನೋಡಿದೆ. ಇದು ಯಾರ ಸ್ವರ? ನನ್ನ ಸಂಗ್ರಹದಲ್ಲಿ ಇಂಥದ್ದು ಇರಲಿಲ್ಲ. ಸ್ವಲ್ಪ ಒಡಕು, ಸ್ವಲ್ಪ ಮೂಗಿನದ್ದು, ಏನೇನೂ ಚಂದವಿಲ್ಲ. ಇನ್ನೊಂದು ಸಂಗತಿ. ಮಿಮಿಕ್ರಿ ಮಾಡುವವನಿಗೆ ಎದುರು ಕೇಳುವವರು ಇದ್ದಾರೋ ಇಲ್ಲವೋ ಎಂಬುದು ಕಣ್ಣು ಕಟ್ಟಿದರೂ ಗೊತ್ತಾಗುತ್ತದೆ. ಆ ಖಾಲಿ ತಾರಸಿಯಲ್ಲಿ ಯಾರೋ ಕೇಳುತ್ತಿದ್ದರು. ನಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ, ಎದ್ದು ಹೋಗಲೂ ಇಲ್ಲ.

ಅಲ್ಲಿಂದ ಮುಂದೆ ಅದು ಚಟವಾಯಿತು. ಹಂಪನಕಟ್ಟೆಯ ಮೊಬೈಲ್ ಅಂಗಡಿಗೆ ಕೆಲಸಕ್ಕೆ ಹೋಗುವಾಗ ಬಸ್ಸಿನ ಕಂಬಿ ಹಿಡಿದು ಮನಸ್ಸಿನಲ್ಲೇ ಆ ಕೇಳುವವನಿಗೆ ಹಿರಿಯರ ಮೇಲೆ ದೂರು ಹೇಳುತ್ತಿದ್ದೆ. ದೂರು ಹೇಳಬೇಕಾದರೆ ಹಿಂದುಮುಂದು ಎಲ್ಲ ಹೇಳಬೇಕಾಗುತ್ತದೆ. ಹಾಗೆ ಒಂದು ದಿನ, ಅವರು ಹೇಳಿದ್ದು ನಿಜವಾಗಿದ್ದರೆ, ನನ್ನೊಳಗೆ ನಿಜಕ್ಕೂ ಯಾರೂ ಇಲ್ಲದಿದ್ದರೆ ಎಂದು ಹೆದರಿದ್ದನ್ನೂ ಹೇಳಿಬಿಟ್ಟೆ. ಅಮ್ಮನಿಗೂ ಹೇಳದ ಮಾತು ಅದು.

ವರ್ಷ ಕಳೆಯಿತು. ಅದೇ ಕೋಣೆ, ಅದೇ ಪೆನ್ನಿನ ಮುಚ್ಚಳ, ಅದೇ ಪ್ರಶ್ನೆ. ದೇವರನ್ನು ಸ್ವಂತವಾಗಿ ಹೇಗೆ ತಿಳಿದುಕೊಂಡೆ?

"ನಿಮ್ಮ ಮೇಲೆ ಸೇಡು ತೀರಿಸಿ ಕೊಡು ಅಂತ ಕೇಳ್ಲಿಕ್ಕೆ ಹೋಗಿ, ಅಂಕಲ್," ಎಂದೆ.

ಮುಚ್ಚಳ ನಿಂತಿತು. "ಎಂತ ಕೇಳಿದ್ದು?"

ಒಂದೂ ಬಿಡದೆ ಹೇಳಿದೆ. ಹಲ್ಲುಸೆಟ್ಟು, ಸ್ಕೂಟರ್, ಹಾರ್ನ್, ಶಬ್ದ. ಅವರ ಮುಖ ಕೆಂಪಾಗುವುದನ್ನು ನೋಡಿ, ದೇವರ ಆಣೆ, ಬಹಳ ಖುಷಿಯಾಯಿತು.

"ಸ್ಕೂಟರಿಂದು... ಅದು ಯಾವಾಗ ಕೇಳಿದ್ದು?"

"ಕ್ರಿಸ್ಮಸ್ಸಿಗೆ ಮೊದ್ಲು."

"ಜನವರಿಯಲ್ಲಿ ನಿಂತಿತು ಮಾರಾಯ. ಹಂಪನಕಟ್ಟೆಯಲ್ಲೇ. ನೂಕಿ ನೂಕಿ ನನ್ನ ಸೊಂಟ ಹೋಯ್ತು." ಕಾಗದಕ್ಕೆ ಸಹಿ ಹಾಕಿದರು. "ಇದು ನಿನ್ನದೇ ಸ್ವರ. ಕೇಳ್ಲಿಕ್ಕೆ ಚಂದ ಇಲ್ಲ." ನಾನು ಎದ್ದು ಬಾಗಿಲ ಹತ್ತಿರ ಹೋದಾಗ ಕರೆದರು. "ನಂದು ಮಿಮಿಕ್ರಿ ಮಾಡ್ತಿಯಂತಲ್ಲ, ಒಮ್ಮೆ ಮಾಡಿ ತೋರಿಸು."

ಒಂದು ವರ್ಷ ಸಾಣೆ ಹಿಡಿದದ್ದು. ಗಂಟಲು, ಹಿಮ್ಮಡಿ, ಕೊಡಪಾನ, ಎಲ್ಲ ಮಾಡಿದೆ.

"ನಾನು ಹೀಗೆ ಎಳೀತೇನಾ?" ಎಂದು ಕೇಳಿದರು. ನಗಲಿಲ್ಲ.

ಮರುದಿನ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಅಂಗಿ ಭುಜದಲ್ಲಿ ಬಿಗಿಯಾಗಿತ್ತು. ನಮಗಾಗಿ ಪ್ರಾರ್ಥನೆ ಮಾಡಲು ಹಿರಿಯರು ಎದ್ದರು. ಎಲ್ಲರೂ ಕಣ್ಣು ಮುಚ್ಚಿದರು, ನಾನು ಮುಚ್ಚಲಿಲ್ಲ. ಅವರು ಗಂಟಲು ಸರಿಮಾಡಿದರು, ಹಿಮ್ಮಡಿ ಎತ್ತಿದರು, "ಕೃಪೆಯುಳ್ಳ ತಂದೆ" ಎನ್ನುವಲ್ಲಿಗೆ ಬಂದು ತಟ್ಟನೆ ನಿಂತರು. ಎಳೆಯಲೂ ಆಗದೆ, ಬಿಡಲೂ ಆಗದೆ, ಬಾಯಿ ತೆರೆದು ನಿಂತರು. ಕಣ್ಣು ಬಿಟ್ಟು ನೇರ ನನ್ನನ್ನೇ ನೋಡಿದರು. ಹಿಂದಿನ ಬೆಂಚುಗಳಲ್ಲಿ ಒಂದೆರಡು ತಲೆಗಳು ಎದ್ದವು.

ಸಿಕ್ಕಿತು! ಹಲ್ಲುಸೆಟ್ಟಿಗಿಂತ ಸಾವಿರ ಪಾಲು ಚಂದದ್ದು ಸಿಕ್ಕಿತು. ಖುಷಿ ತಡೆಯದೆ ಪಕ್ಕದವನ ಕಡೆ ತಿರುಗಿದ ಹಾಗೆ ಒಳಗೇ ತಿರುಗಿದೆ. ತಾರಸಿಯಲ್ಲಿ ಕೇಳಿದವನು ಅಲ್ಲೂ ಇದ್ದ. ಈಗಲೂ ನಗುತ್ತಿರಲಿಲ್ಲ.

ಹಿರಿಯರ ಗಂಟಲಿನ ಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಆ ಖಾಲಿ ಬಾಯಿ ನನಗೆ ಗೊತ್ತಿತ್ತು.

ಕಣ್ಣು ಮುಚ್ಚಿದೆ. "ಆಯ್ತು ಮಾರಾಯ, ಸಾಕು," ಎಂದೆ ಒಳಗೇ, ನನ್ನ ಆ ಒಡಕು ಸ್ವರದಲ್ಲಿ. "ಅವರ ಶಬ್ದ ಅವರಿಗೆ ಕೊಟ್ಟುಬಿಡು. ಸ್ಕೂಟರ್ ಮಾತ್ರ ಇನ್ನೊಂದು ಸಲ."