ಬೆನ್ನ ಮೇಲಿನ ಕಾಜ

ಬೀದಿಗೆಲ್ಲ ಅವಳು ಕಾಜಕ್ಕ. ದರ್ಜಿಗಳು ಹೊಲಿದ ಅಂಗಿಗಳು ಗಂಟುಗಟ್ಟಲೆ ಅವಳ ಮನೆಗೆ ಬರುತ್ತಿದ್ದವು. ಗುಂಡಿ ತೂರುವ ಸೀಳಿನ ಅಂಚಿಗೆ ಒತ್ತೊತ್ತಾಗಿ ದಾರ ಸುತ್ತಿ, ಎಳೆ ಬಿಚ್ಚದಂತೆ ಕಾಜ ಹೊಲಿಯುವುದು ಅವಳ ಕೆಲಸ. ಎದುರಿಗೆ ಕೂತು ಗುಂಡಿ ಹಚ್ಚುವುದು ಸೊಸೆಯ ಕೆಲಸ. ಇಬ್ಬರಿಗೂ ಒಂದೇ ಕಿಟಕಿ, ಒಂದೇ ಕತ್ತರಿ. ಸೊಸೆ ಬಾಯಿಬಡಕಿ, ಅತ್ತೆಯ ಬಾಯಿ ಬಿಡಿಸುವುದು ಮಾತ್ರ ಯಾರಪ್ಪನಿಂದಲೂ ಆಗುತ್ತಿರಲಿಲ್ಲ. ಏನು ಕೇಳಿದರೂ ಹೂಂ, ಇಲ್ಲವೇ ಊಹೂಂ. ಈ ಅತ್ತೆಗೆ ಉಪ್ಪೂ ಇಲ್ಲ ಖಾರವೂ ಇಲ್ಲ ಎಂದು ಸೊಸೆ ನೆರೆಯವರೊಡನೆ ನಗುತ್ತಿದ್ದಳು.

ಕಾಜಕ್ಕನ ತಮ್ಮ ನೂಲಿನ ಗಿರಣಿಯಲ್ಲಿದ್ದ. ಮುಷ್ಕರದ ದಿನ ಗಿರಣಿಯ ಗೇಟಿನಲ್ಲಿ ಪೊಲೀಸರು ಗುಂಡು ಹಾರಿಸಿದರು, ಅವನು ಸತ್ತ. ಕಲ್ಲು ಹಿಡಿದು ಎದುರಿನಿಂದ ನುಗ್ಗಿ ಬಂದ, ಬೇರೆ ದಾರಿ ಇರಲಿಲ್ಲ ಎಂದಿತು ಸರ್ಕಾರ. ಶವಪರೀಕ್ಷೆಯ ವರದಿ ಎಲ್ಲೋ ಮಾಯವಾಯಿತು. ಆದರೆ ಆಸ್ಪತ್ರೆಯವರು ಮನೆಗೆ ಕೊಟ್ಟ ಅಂಗಿ ಬೇರೆಯೇ ಹೇಳುತ್ತಿತ್ತು. ಎದೆಯ ಕಡೆ ಬಟ್ಟೆ ನೆಟ್ಟಗಿತ್ತು. ತೂತು ಇದ್ದದ್ದು ಬೆನ್ನಿನಲ್ಲಿ. ಓಡುತ್ತಿದ್ದವನಿಗೆ ಹಿಂದಿನಿಂದ ಹೊಡೆದಿದ್ದರು.

"ವಿಚಾರಣೆಗೆ ಅಧಿಕಾರಿ ಬರ್ತಾರೆ. ಈ ಅಂಗಿ ಒಂದೇ ನಮಗೆ ಸಾಕ್ಷಿ. ಜೋಪಾನ ಅಮ್ಮಾ," ಎಂದ ಕಾರ್ಮಿಕ ಸಂಘದ ವಕೀಲ.

ಜೋಪಾನ ಮಾಡಿದಳು, ತನಗೆ ತಿಳಿದ ರೀತಿಯಲ್ಲಿ. ನೋಡಲು ಬಂದವರೆಲ್ಲ ಮುಟ್ಟಿ ಮುಟ್ಟಿ ತೂತಿನ ಎಳೆ ಬಿಚ್ಚಿಕೊಳ್ಳುತ್ತಿತ್ತು. ಜೀವಮಾನವೆಲ್ಲ ಎಳೆ ಬಿಚ್ಚುವುದನ್ನು ತಡೆದ ಕೈ ಸುಮ್ಮನಿದ್ದೀತೆ? ವಿಚಾರಣೆಯ ದಿನ ಅಂಗಿಯನ್ನು ಮೇಜಿನ ಮೇಲೆ ಹರಡಿದರೆ, ಗುಂಡಿನ ತೂತಿನ ಸುತ್ತ ದುಂಡಗೆ, ಮುದ್ದಾಗಿ ಒಂದು ಕಾಜ! ಅಂಗಿಯ ಬಣ್ಣಕ್ಕೆ ಒಪ್ಪುವ ನೀಲಿ ದಾರ ಬೇರೆ.

"ಏನ್ರೀ ಇದು? ಇದು ದರ್ಜಿ ಕೆಲಸ, ಗುಂಡಿನ ತೂತಲ್ಲ," ಎಂದು ಅಧಿಕಾರಿ ಅಂಗಿಯನ್ನು ಪಕ್ಕಕ್ಕೆ ತಳ್ಳಿದರು. ವಕೀಲ ಹಣೆ ಹಣೆ ಚಚ್ಚಿಕೊಂಡ.

ಮನೆಗೆ ಬಂದ ಮೇಲೆ ಸೊಸೆ ಹರಿಹಾಯ್ದಳು. "ನಿಮ್ಮ ಕೈಗೇನು ತುರಿಕೆನಾ ಅತ್ತೆ? ಇದ್ದದ್ದೊಂದು ಸಾಕ್ಷಿ, ಅದನ್ನೂ ನೀವೇ ಕೆಡಿಸಿದ್ರಲ್ಲ!"

"ಎಳೆ ಬಿಚ್ತಿತ್ತು ಕಣೆ," ಎಂದಳು ಕಾಜಕ್ಕ. ಅಷ್ಟೇ.

ಮರುದಿನ ಬೆಳಿಗ್ಗೆ ಕಾಜಕ್ಕ ತನ್ನ ಬೂದು ಕೋಟನ್ನು ಹಾಸಿ, ಕತ್ತುಪಟ್ಟಿಯಿಂದ ಗೇಣು ಕೆಳಗೆ ಅಳೆದು, ನಡು ಬೆನ್ನಿಗೆ ಕತ್ತರಿ ಹಾಕಿದಳು. "ಅಯ್ಯೋ, ಚಳಿಗೆ ಇರೋದೇ ಅದೊಂದು!" ಎಂದು ಸೊಸೆ ಕೂಗುವಷ್ಟರಲ್ಲಿ ತೂತು ಬಿದ್ದಿತ್ತು. ಅದಕ್ಕೂ ಅಂಥದೇ ದುಂಡನೆಯ ಕಾಜ ಹೊಲಿದು, ಕೋಟು ತೊಟ್ಟು, ತರಕಾರಿಗೆ ಹೊರಟಳು. ಸೊಸೆ ನಾಚಿಕೆಯಿಂದ ನಾಲ್ಕು ಹೆಜ್ಜೆ ಹಿಂದೆಯೇ ಉಳಿದಳು.

ತರಕಾರಿಯವಳು ಕಿಸಕ್ಕನೆ ನಕ್ಕಳು. "ಅರಳು ಮರಳಾ ಕಾಜಕ್ಕ? ಕಾಜ ಬೆನ್ನಿಗೆ ಬಂದಿದೆ. ಗುಂಡಿ ಎಲ್ಲಿ?"

"ಗುಂಡಿ ಅಲ್ಲ, ಗುಂಡು. ಅದು ನನ್ನ ತಮ್ಮನ ಮೈಯೊಳಗೇ ಉಳೀತು."

ತರಕಾರಿಯವಳ ನಗು ಹಾಗೇ ಇಂಗಿಹೋಯಿತು. ಸಂಜೆ ಅವಳು ತನ್ನದೊಂದು, ಗಂಡನದೊಂದು ಕೋಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಆಮೇಲೆ ಹೊಸಿಲು ಸವೆಯುವಷ್ಟು ಜನ. ಗಿರಣಿಯ ಹೆಂಗಸರು ಬಂದರು, ಬಸ್ ಡ್ರೈವರ್ ಬಂದ, ಈ ಗಲ್ಲಿಗೆ ಎಂದೂ ಕಾಲಿಡದ ಶಾಲೆಯ ಮೇಷ್ಟ್ರು ಬಂದರು. ಸೊಸೆ ಗುಂಡಿಯ ಡಬ್ಬ ಮುಚ್ಚಿಟ್ಟು ಕಾಜ ಕಲಿಯಲು ಕೂತಳು. ಅವಳ ಮೊದಲ ಕಾಜ ಮುನಿಸಿಕೊಂಡ ಮಗುವಿನ ಬಾಯಿಯ ಹಾಗೆ ಸೊಟ್ಟಗಾಯಿತು. ಅತ್ತೆ ಮಾತಿಲ್ಲದೆ ಬಿಚ್ಚಿ ವಾಪಸು ಕೊಟ್ಟಳು.

ಬೆನ್ನಿನಲ್ಲಿ ತೂತಿರುವ ಬಟ್ಟೆ ಹಾಕಿ ತಿರುಗುವಂತಿಲ್ಲ ಎಂದು ಸರ್ಕಾರದ ಆಜ್ಞೆ ಹೊರಟಿತು. ಆಜ್ಞೆ ಬರೆದ ಪುಣ್ಯಾತ್ಮನಿಗೆ ಮುಂದಿನದು ಹೊಳೆದಿರಲಿಲ್ಲ. ತೂತು ಇದೆಯೋ ಇಲ್ಲವೋ ನೋಡಬೇಕಾದರೆ ಜನರನ್ನು ತಿರುಗಿಸಿ ನಿಲ್ಲಿಸಬೇಕು. ಪೊಲೀಸರು "ತಿರುಗಿ" ಎಂದರು. ಕಾಜ ಇದ್ದವರು, ಇಲ್ಲದವರು, ಎಲ್ಲರೂ ತಿರುಗಿದರು. ಬಂದೂಕುಗಳ ಮುಂದೆ ಬೀದಿಯುದ್ದಕ್ಕೂ ಬರೀ ಬೆನ್ನುಗಳು. ಒಬ್ಬರೂ ಓಡಲಿಲ್ಲ. ಆ ಚಳಿಯಲ್ಲೂ ಪೊಲೀಸರ ಹಣೆಯಲ್ಲಿ ಬೆವರು ಮೂಡಿತ್ತು.

ಸೊಸೆ ಸಾಲಿನಲ್ಲಿ ಪಕ್ಕದಲ್ಲೇ ನಿಂತಿದ್ದ ಅತ್ತೆಯನ್ನು ಓರೆಗಣ್ಣಿನಿಂದ ನೋಡಿದಳು. ಇಷ್ಟು ವರ್ಷ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದೂ ಈ ಹೆಂಗಸನ್ನು ತಾನು ಕಂಡೇ ಇರಲಿಲ್ಲ ಅನ್ನಿಸಿತು. ಯಾರು ಇವಳು? ಒಂದು ಮಾತೂ ಆಡದೆ ಊರನ್ನೇ ಎಬ್ಬಿಸಿ ನಿಲ್ಲಿಸಿದಳಲ್ಲ!

ಆಮೇಲೆ ಆ ಆಜ್ಞೆಯ ಮಾತನ್ನು ಯಾರೂ ಎತ್ತಲಿಲ್ಲ. ವಿಚಾರಣೆಯ ಕೊನೆಯ ದಿನ ಬಂತು. ಸಭಾಂಗಣ ಕಿಕ್ಕಿರಿದಿತ್ತು. ಅಧಿಕಾರಿ ವರದಿ ಓದತೊಡಗಿದರು. "ಎದುರಿನಿಂದ ನುಗ್ಗಿ ಬಂದ" ಎಂಬಲ್ಲಿಗೆ ಬಂದಾಗ ಮುಂದಿನ ಬೆಂಚಿನಿಂದ ಕಾಜಕ್ಕ ಎದ್ದಳು. ಕೂಗಲಿಲ್ಲ. ಎದ್ದು, ತಿರುಗಿ, ಬೆನ್ನು ಮಾಡಿ ನಿಂತಳು. ಕುರ್ಚಿಗಳು ಸರಿದ ಸದ್ದು. ಇಡೀ ಸಭಾಂಗಣ ಅವಳ ಹಾಗೆಯೇ ನಿಂತಿತ್ತು. ಪ್ರತಿ ಬೆನ್ನಿನಲ್ಲೂ ಅದೇ ಜಾಗದಲ್ಲಿ ಒಂದು ಕಾಜ.

"ಏನಿದೆಲ್ಲ?" ಅಧಿಕಾರಿಯ ದನಿ ಏರಿತು. "ಯಾರ ಕೆಲಸ ಇದು?"

ಯಾವಾಗಲೂ ಅತ್ತೆಯ ಪರವಾಗಿ ಉತ್ತರ ಕೊಡುವವಳು ಸೊಸೆಯೇ. ಅವಳು ಬಾಯಿ ತೆರೆಯುವಷ್ಟರಲ್ಲಿ ಕಾಜಕ್ಕ ಅವಳ ಕೈ ಅದುಮಿದಳು.

"ನಂದೇ ಸ್ವಾಮಿ," ಎಂದಳು, ತಿರುಗದೆಯೇ. "ಇಲ್ಲಿರೋ ತೂತೆಲ್ಲ ನಾನೇ ಮಾಡಿದ್ದು, ಕಾಜಾನೂ ನಾನೇ ಹೊಲಿದಿದ್ದು. ನನ್ನ ತಮ್ಮನ ಅಂಗೀಲಿ ಕಾಜ ಮಾತ್ರ ನಂದು. ತೂತು ನಂದಲ್ಲ. ಅದು ಯಾರ ಕೆಲಸ ಅಂತ ಬರ್ಕೊಳ್ಳಿ."